ಪತ್ರದಲ್ಲಿ ಹಿಡಿಸಿದಷ್ಟು

ಅತ್ತೆಯ ಹಣೆಗೆ ವಿಭೂತಿ ಬಳಿದು, ಕೈ ಒರೆಸಿಕೊಂಡು ಶೈಲಾ ಮೊಳೆಗೆ ತೂಗುಹಾಕಿದ್ದ ಸ್ಕೂಟರಿನ ಕೀಲಿ ತೆಗೆದುಕೊಂಡಾಗ ಪಡಸಾಲೆಯಲ್ಲಿ ಅಳುತ್ತಿದ್ದವರ ಅಳು ಅರ್ಧಕ್ಕೇ ನಿಂತಿತು. ಕಸ್ತೂರೆವ್ವ ತೀರಿಕೊಂಡು ಇನ್ನೂ ಮೂರು ತಾಸು ಆಗಿರಲಿಲ್ಲ. ಗೋಡೆಗೆ ಆನಿಸಿ ಕೂರಿಸಿದ್ದ ಹೆಣದ ಮುಂದೆ ಊದಿನಕಡ್ಡಿ ಆಗಷ್ಟೇ ಹಚ್ಚಿದ್ದರು. ಅಂಥ ಹೊತ್ತಿನಲ್ಲಿ ಮನೆಗಿರುವ ಒಬ್ಬಳೇ ಸೊಸೆ ಗಾಡಿಯ ಕೀಲಿ ಹಿಡಿದು ಹೊಸ್ತಿಲು ದಾಟಿದರೆ, ಹರ್ತಿಯಂಥ ಊರಿಗೆ ಅದು ಹತ್ತು ವರ್ಷ ಅಗಿಯಲು ಸಾಕಾಗುವ ಸುದ್ದಿ.

ಲಕ್ಷ್ಮೇಶ್ವರದಿಂದ ಬಂದಿಳಿದಿದ್ದ ನಾದಿನಿ ಕಾಂಚನಾ ತಾಯಿಯ ಕಾಲ ಬಳಿಯಿಂದಲೇ ತಲೆ ಎತ್ತಿದಳು.

“ಎಲ್ಲಿಗೆ ಹೊಂಟಿ ವೈನಿ?”

“ಗದಗಕ್ಕ. ಹೆಣ ಎತ್ತೂದ್ರಾಗ ಬರ್ತೀನಿ.”

ಕಾಂಚನಾಗೆ ಇದಕ್ಕಿಂತ ಹೆಚ್ಚಿನ ವಿವರ ಬೇಕಿತ್ತು, ಸಿಗಲಿಲ್ಲ. ಸತ್ತವಳು ತನ್ನ ತಾಯಿ, ಅತ್ತೆ ಸತ್ತರೆ ಸೊಸೆಗೆ ಏನಾಗಬೇಕು ಎಂಬ ಅರ್ಥದ ಮಾತೊಂದನ್ನು ಅವಳು ಪಕ್ಕದವರಿಗೆ ಹೇಳಿದ್ದು ಶೈಲಾಗೂ ಕೇಳಿಸಿತು. ಕೇಳಿಸಲೆಂದೇ ಹೇಳಿದ್ದು. ಅಂಗಳದಲ್ಲಿ ಬಿದಿರು ಕಟ್ಟಿ ಹೆಣ ಹೊರುವ ವಿಮಾನ ಸಿದ್ಧ ಮಾಡಿಸುತ್ತಿದ್ದ ಗಂಡ ಮಹಾದೇವನ ಹತ್ತಿರ ಮಾತ್ರ ಶೈಲಾ ಒಂದು ಗಳಿಗೆ ನಿಂತಳು. ಅತ್ತಿಯ ಪದ ತರಲು ಹೋಗುತ್ತಿದ್ದೇನೆ ಎಂದಳು. ಮಹಾದೇವ ನಿಧಾನದ ಮನುಷ್ಯ, ಆದರೆ ಈ ಮಾತು ಅವನಿಗೆ ಕೂಡಲೇ ತಿಳಿಯಿತು. ನಾಲ್ಕು ಗಂಟೆಗೆ ಎತ್ತುತ್ತೇವೆ, ಜಲ್ದಿ ಬಾ ಎಂದಷ್ಟೇ ಹೇಳಿ ಹಗ್ಗ ಬಿಗಿಯಲು ಬಗ್ಗಿದ.

ಕಸ್ತೂರೆವ್ವ ಯಾರು ಎಂದು ಹರ್ತಿಯಲ್ಲಿ ಯಾರೂ ಕೇಳುವುದಿಲ್ಲ, ಹೊರಗಿನವರಿಗೆ ಹೇಳಬೇಕು. ನಾಲ್ಕೆಕರೆ ಎರೆ ಹೊಲ, ಎರಡು ಎಮ್ಮೆ, ಒಬ್ಬ ಮಗ, ಒಬ್ಬ ಮಗಳು. ಇಷ್ಟರಲ್ಲೇ ಎಪ್ಪತ್ತೆಂಟು ವರ್ಷ ಬಾಳಿದ ಹೆಂಗಸು. ಗಂಡ ದ್ಯಾಮಪ್ಪ ಹೋಗಿ ಇಪ್ಪತ್ತು ವರ್ಷವಾಗಿತ್ತು. ಅವಳು ಹೆಸರು ಮಾಡಿದ್ದು ಒಂದೇ ಒಂದರಲ್ಲಿ. ಊರಲ್ಲಿ ಯಾರು ಸತ್ತರೂ ಹೆಣದ ಮಗ್ಗುಲಿಗೆ ಕೂತು ಅವಳು ಹಾಡಿಕೊಂಡು ಅಳುತ್ತಿದ್ದಳು. ಅಳುವುದು ಎಲ್ಲರಿಗೂ ಬರುತ್ತದೆ, ಹಾಡಿಕೊಂಡು ಅಳುವುದು ಬರುವುದಿಲ್ಲ. ಸತ್ತವರ ಬದುಕನ್ನು ಮೂರು ಮೂರು ಸಾಲಿನಲ್ಲಿ ಕಟ್ಟಿ ಎತ್ತಿದಳೆಂದರೆ ಕಲ್ಲು ಮನಸ್ಸಿನವರೂ ಸೆರಗು ಹುಡುಕಬೇಕಾಗುತ್ತಿತ್ತು.

ಅಷ್ಟೇ ಆಗಿದ್ದರೆ ಜನ ಅವಳಿಗೆ ಅಂಜುತ್ತಿರಲಿಲ್ಲ. ಕಸ್ತೂರೆವ್ವ ಹೆಣದ ಮುಂದೆ ಸುಳ್ಳು ಹಾಡುತ್ತಿರಲಿಲ್ಲ. ಎಂಜಲು ಕೈಯಲ್ಲಿ ಕಾಗೆ ಓಡಿಸದ ರಾಮಪ್ಪ ಸತ್ತಾಗ, ಕಣದಲ್ಲಿ ಚೆಲ್ಲಿದ ಶೇಂಗಾ ಆರಿಸಿಕೊಂಡವನೇ, ಇವತ್ತು ರಾಶಿಯನ್ನೇ ಬಿಟ್ಟು ಹೊರಟೆಯಲ್ಲ ಎಂದು ಹಾಡಿದ್ದಳು. ರಾಮಪ್ಪನ ಹೆಂಡತಿಯೇ ಅಳುವುದರ ನಡುವೆ ನಕ್ಕಿದ್ದಳು. ಕಸ್ತೂರೆವ್ವನ ಬಾಯಲ್ಲಿ ಚಂದ ಬೀಳಬೇಕೆಂದರೆ ಬದುಕಿದ್ದಾಗಲೇ ನೆಟ್ಟಗಿರಬೇಕು ಎಂದು ಊರಲ್ಲಿ ಮಕ್ಕಳಿಗೆ ಬುದ್ಧಿ ಹೇಳುತ್ತಿದ್ದರು.

ಇವತ್ತು ಅವಳ ಹೆಣದ ಮುಂದೆ ಹಾಡುವವರು ಇರಲಿಲ್ಲ. ಈ ಅಳುವ ಪದ ಕಲಿಸುವುದಕ್ಕೆ ಬರುವುದಿಲ್ಲ. ಸಾವಿಲ್ಲದ ಮನೆಯಲ್ಲಿ ಅದನ್ನು ಗುನುಗುವುದೂ ಕೆಟ್ಟದ್ದು, ಹೀಗಾಗಿ ಶಿಷ್ಯರು ಹುಟ್ಟುವುದಿಲ್ಲ. ಎದುರು ಮನೆಯ ಮಾಳವ್ವ ಐವತ್ತು ವರ್ಷ ಕಸ್ತೂರೆವ್ವನ ಹಿಂದೆ ದನಿ ಕೂಡಿಸಿದವಳು. ಬೆಳಿಗ್ಗೆ ಅವಳು ಗೆಳತಿಯ ಮುಂದೆ ಕೂತು ಬಾಯಿ ತೆರೆದಳು, ಮೊದಲ ಸಾಲೇ ಹೊರಡಲಿಲ್ಲ. ಆಕಿ ಎತ್ತುತ್ತಿದ್ದಳು, ನಾನು ಹಿಡಿಯುತ್ತಿದ್ದೆ, ಎತ್ತುವುದು ನನಗೆ ಬರುವುದಿಲ್ಲ ಎಂದು ಸೆರಗು ಬಾಯಿಗೆ ಒತ್ತಿಕೊಂಡಳು. ಉಳಿದವರು ಅತ್ತರು, ಬರೀ ಅತ್ತರು. ಊರಿಗೆಲ್ಲ ಹಾಡಿದವಳ ಹೆಣ ಹಾಡಿಲ್ಲದೆ ಕೂತಿದ್ದನ್ನು ಶೈಲಾಗೆ ನೋಡುತ್ತ ಕೂರಲಾಗಲಿಲ್ಲ. ಹಾಡು ಎಲ್ಲಿದೆ ಎಂಬುದು ಅವಳಿಗೆ ಗೊತ್ತಿತ್ತು. ಅವಳು ಕೆಲಸ ಮಾಡುವ ಗದಗಿನ ಪ್ರೆಸ್ಸಿನ ಇಮೇಲಿನಲ್ಲಿ ಅದು ಹದಿನೈದು ವರ್ಷದಿಂದ ಹಾಗೇ ಇತ್ತು.

*

ಶೈಲಾ ಆ ಮನೆಗೆ ಬಂದು ಒಂದು ವರ್ಷವಾಗಿದ್ದಾಗ ಧಾರವಾಡದಿಂದ ಸೀಮಾ ಎಂಬ ಹುಡುಗಿ ಬಂದಿದ್ದಳು. ಹಳ್ಳಿಯ ಹಾಡುಗಳ ಮೇಲೆ ಏನೋ ಓದುತ್ತಿದ್ದಳು. ಅಂಗೈಯಗಲದ ರೆಕಾರ್ಡರು, ಕುತ್ತಿಗೆಗೊಂದು ಕ್ಯಾಮೆರಾ. ಕಸ್ತೂರೆವ್ವ ಅವಳಿಗೆ ರೊಟ್ಟಿ ಬಡಿದು ಹಾಕಿ ಬೀಸುವ ಪದ, ಸೋಬಾನೆ ಪದ ಎಲ್ಲ ಹೇಳಿದಳು. ಅಳುವ ಪದ ಎಂದಾಗ ಮಾತ್ರ ಮುಖ ತಿರುಗಿಸಿದಳು.

“ಹೆಣ ಇಲ್ಲದ ಹಾಡಿದ್ರ, ಹೆಣ ತಾನ ಮನಿ ಹುಡಿಕ್ಕೊಂಡು ಬರತೈತಿ” ಎಂದಳು.

ಹುಡುಗಿ ರೆಕಾರ್ಡರನ್ನು ಚೀಲಕ್ಕೆ ಹಾಕಿದಳು. ಮಾರನೇ ದಿನ ಮಧ್ಯಾಹ್ನ ಕಸ್ತೂರೆವ್ವನೇ ಮಾತು ತೆಗೆದಳು. ಬೇರೆಯವರ ಪದ ಹಾಡಿದರೆ ಅವರಿಗೆ ಕೆಟ್ಟದ್ದು, ತನ್ನದು ತಾನು ಹಾಡಿಕೊಂಡರೆ ಯಾರಪ್ಪನ ಗಂಟು ಹೋಗುತ್ತದೆ ಎಂಬುದು ಅವಳ ಲೆಕ್ಕ. ಹೇಗೂ ಒಂದು ದಿನ ಬೇಕಾಗುತ್ತದೆ, ತಾನು ಸತ್ತ ಮೇಲೆ ಈ ಊರಲ್ಲಿ ಹಾಡುವವರು ಯಾರಿದ್ದಾರೆ ಎಂದು ಹುಡುಗಿಯನ್ನು ಹೊಲಕ್ಕೆ ಕರೆದುಕೊಂಡು ಹೋದಳು. ಮನೆಯಲ್ಲಿ ಹಾಡಬಾರದಲ್ಲ. ಬೇವಿನ ಗಿಡದ ಕೆಳಗೆ ಇಬ್ಬರೂ ಎದುರುಬದುರು ಕೂತರು. ಚಹಾ ತೆಗೆದುಕೊಂಡು ಹೋದ ಶೈಲಾ ಬದುವಿನ ಮೇಲೆ ಕಾಣಿಸಿದ ಕೂಡಲೇ ಅತ್ತೆ ಕೈ ಎತ್ತಿ ಅಲ್ಲೇ ನಿಲ್ಲಿಸಿದಳು. ಅರ್ಧ ತಾಸು ಬಿಟ್ಟು ಕರೆದಾಗ ಚಹಾ ತಣ್ಣಗಾಗಿತ್ತು. ಅತ್ತೆ ಮಾತ್ರ ಮುಂದಿನ ಹಲ್ಲಿಲ್ಲದ ಬಾಯಿ ತುಂಬ ನಗುತ್ತಿದ್ದಳು. ಸೀಮಾ ಆ ನಗುವಿನ ಎರಡು ಫೋಟೊ ಹಿಡಿದುಕೊಂಡಳು.

ಹಿಟ್ಟು ನಾದುತ್ತ ಕೂತಾಗ ಶೈಲಾ ತಡೆಯಲಾರದೆ ಕೇಳಿದಳು, ಪದದಲ್ಲಿ ಯಾರ್ಯಾರಿದ್ದಾರೆ ಎಂದು.

“ಎಲ್ಲಾರೂ ಅದೀರಿ.”

“ನಾನೂ ಅದೀನೇನ್ರಿ ಅತ್ತಿ?”

“ಅದಿ. ಏನಂದೀನಿ ಅಂತ ಆವಾಗ ಕೇಳು.”

ಆ ಮಾತು ಶೈಲಾಳನ್ನು ಹದಿನೈದು ವರ್ಷ ಬಿಡಲಿಲ್ಲ. ಯಾಕೆಂದರೆ ಕಸ್ತೂರೆವ್ವ ಸೊಸೆಯನ್ನು ಎದುರಿಗೆ ಹೊಗಳಿದವಳಲ್ಲ, ಬೈದವಳೂ ಅಲ್ಲ. ಮದುವೆಯಾದ ಮೂರನೇ ತಿಂಗಳಿಗೆ ಶೈಲಾ ಪ್ರೆಸ್ಸಿನ ಕೆಲಸಕ್ಕೆ ಬಸ್ಸು ಹತ್ತಿದಾಗ ಊರು ಗುಸುಗುಸು ಅಂದಿತು. ಅತ್ತೆ ಒಂದು ಮಾತೂ ಆಡದೆ ಡಬ್ಬಿಗೆ ಎರಡು ರೊಟ್ಟಿ ಹೆಚ್ಚು ಹಾಕಿದಳು. ಸ್ಕೂಟರು ಕಲಿಯುವಾಗ ಮೂರು ದಿನ ಬದುವಿನ ಮೇಲೆ ಕೂತು ಬೀಳುವುದನ್ನು ನೋಡಿದಳು. ನಾಲ್ಕನೇ ದಿನ ಸೀರೆ ಎತ್ತಿ ಕಟ್ಟಿ ಹಿಂದೆ ಕೂತು, ನಡಿ ಗುಡಿಗೆ ಎಂದಳು. ಅದು ಮೆಚ್ಚಿಕೆಯೋ ಬರೀ ಧೈರ್ಯವೋ ಶೈಲಾಗೆ ತಿಳಿಯಲಿಲ್ಲ. ಸುಳ್ಳು ಹಾಡದ ಹೆಂಗಸು ತನ್ನ ಬಗ್ಗೆ ಏನು ಹಾಡಿಟ್ಟಿದ್ದಾಳೆ ಎಂಬುದು ಅವಳಿಗೆ ಬೇಕಾಗಿತ್ತು, ಬಹಳ ಬೇಕಾಗಿತ್ತು. ಬೇರೆಯವರ ಸೊಸೆಯಂದಿರ ಮೇಲೆ ಕಟ್ಟಿದ ಸಾಲುಗಳನ್ನು ಕೇಳಿದ್ದರಿಂದ ಅಂಜಿಕೆಯೂ ಇತ್ತು.

ಹೊರಡುವಾಗ ಸೀಮಾ ಇಮೇಲ್ ವಿಳಾಸ ಕೇಳಿದಳು. ಮನೆಯಲ್ಲಿ ಅದೆಲ್ಲಿಂದ ಬರಬೇಕು? ಶೈಲಾ ಪ್ರೆಸ್ಸಿನದೇ ಬರೆದುಕೊಟ್ಟಳು. ತಿಂಗಳು ಬಿಟ್ಟು ಒಂದು ಸೋಮವಾರ ಪತ್ರ ಬಂತು. ಆಗ ಇಮೇಲನ್ನು ಮದುವಣಗಿತ್ತಿಯ ಹಾಗೆ ಸಿಂಗರಿಸುವ ಶೋಕಿ ಇತ್ತು. ಅಂಚಿಗೆ ಹೂಬಳ್ಳಿ, ಬರವಣಿಗೆಯ ನಡುನಡುವೆ ಕೂರಿಸಿದ ಚಿತ್ರ, ಪತ್ರ ಬಿಚ್ಚಿದ ಕೂಡಲೇ ತಾನಾಗಿ ಶುರುವಾಗುವ ಸಂಗೀತ. ಸೀಮಾ ಪ್ರೀತಿಯಿಂದ ಅದನ್ನೆಲ್ಲ ಮಾಡಿದ್ದಳು. ಸಂಗೀತದ ಜಾಗದಲ್ಲಿ ಕಸ್ತೂರೆವ್ವನ ಪದ ಇಟ್ಟಿದ್ದಳು.

ಶೈಲಾ ಪತ್ರ ಬಿಚ್ಚಿದ ಹೊತ್ತಿಗೆ ಎದುರಿನ ಬೆಂಚಿನ ಮೇಲೆ ಮುಂಡರಗಿಯ ಬೀಗರು ಎರಡೂ ಕಡೆಯವರು ಕೂತು ಲಗ್ನಪತ್ರಿಕೆಗೆ ಗಣಪತಿ ಆರಿಸುತ್ತಿದ್ದರು. ಸ್ಪೀಕರಿನಿಂದ “ಯವ್ವಾ” ಎಂದು ಎದೆ ಸೀಳುವ ದನಿ ಎದ್ದಿತು. ಹುಡುಗಿಯ ಸೋದರಮಾವ ಎದ್ದೇ ನಿಂತ. ನಿಲ್ಲಿಸುವುದು ಹೇಗೆಂದು ತಿಳಿಯದ ಮಾಲೀಕ ದೇವೇಂದ್ರಪ್ಪ ಗೋಡೆಯ ವೈರನ್ನೇ ಕಿತ್ತೆಸೆದರು. ಬೆಳಗಿನಿಂದ ಜೋಡಿಸಿದ್ದ ಎಂಟು ಪುಟ ಹಾಳಾಯಿತು, ಬೀಗರು ಬೇರೆ ಪ್ರೆಸ್ಸಿಗೆ ಹೋದರು. ದೇವೇಂದ್ರಪ್ಪ ಮಷೀನಿಗೆ ನಿಂಬೆಹಣ್ಣು ಇಳಿಸಿ, ಆ ಪತ್ರವನ್ನು ಇನ್ನು ಮೇಲೆ ಯಾರೂ ತೆರೆಯಕೂಡದು ಎಂದು ಹುಕುಂ ಮಾಡಿದರು. ಅಳಿಸಿಹಾಕಲೂ ಬಿಡಲಿಲ್ಲ. ಅಳಿಸಬೇಕಾದರೂ ಮುಟ್ಟಬೇಕಲ್ಲ ಎಂಬುದು ಅವರ ಅಂಜಿಕೆ. ಆ ಅಂಜಿಕೆಯೇ ಪದವನ್ನು ಉಳಿಸಿತು ಎಂದರೂ ತಪ್ಪಿಲ್ಲ.

ಮನೆಗೆ ಬಂದು ಇದನ್ನು ಹೇಳಿದಾಗ ಕಸ್ತೂರೆವ್ವ ಕಂಬ ಹಿಡಿದುಕೊಂಡು ನಕ್ಕಿದ್ದಳು. ಇರಲಿ ಬಿಡು, ನನ್ನ ಹೊತ್ತು ಬಂದಾಗ ತೆಗೆದರಾಯಿತು ಎಂದಿದ್ದಳು.

*

ಶೈಲಾ ಗದಗ ಮುಟ್ಟಿದಾಗ ಹನ್ನೊಂದು ದಾಟಿತ್ತು. ಮುಪ್ಪಿನ ದೇವೇಂದ್ರಪ್ಪ ಗಲ್ಲೆಯ ಹಿಂದೆ ಕೂತಿದ್ದರು, ಸಾವಿನ ಖಬರ ಆಗಲೇ ಮುಟ್ಟಿತ್ತು. ಸೊಸೆಯಾದವಳು ಇಂಥ ಹೊತ್ತಿನಲ್ಲಿ ಯಾಕೆ ಬಂದಳೆಂದು ಅವರು ಕೇಳಲಿಲ್ಲ. ಎದ್ದು ಹೋಗಿ ಕಂಪ್ಯೂಟರಿನ ಸ್ಪೀಕರಿನ ವೈರನ್ನು ತಾವೇ ತೆಗೆದು ಜೇಬಿಗೆ ಹಾಕಿಕೊಂಡರು.

“ತಗೀ ಯವ್ವಾ. ಆದ್ರ ಇಲ್ಲಿ ಹಚ್ಚಬ್ಯಾಡ.”

“ನಾನರ ಹೆಂಗ ಹಚ್ಚಲ್ರಿ ಸಾವಕಾರ್ರ. ಹೆಣ ಅಲ್ಲೈತಿ.”

ಪತ್ರ ಸಿಗುವುದು ತಡವಾಗಲಿಲ್ಲ. ಅದಕ್ಕೆ ಶೈಲಾ ಅಂದೇ ಒಂದು ಚುಕ್ಕಿ ಗುರುತು ಹಾಕಿಟ್ಟಿದ್ದಳು. ತೆರೆದರೆ ಹೂಬಳ್ಳಿಯಿರಲಿಲ್ಲ, ಹಾಡೂ ಇರಲಿಲ್ಲ. ಪತ್ರದಲ್ಲಿ ಹಾಡು ತಾನಾಗಿ ಹಾಡುವ ಕಾಲ ಹೋಗಿ, ಈಗಿನ ಇಮೇಲು ಅಂಥದ್ದನ್ನು ಬಾಗಿಲಲ್ಲೇ ಬಾಯಿ ಮುಚ್ಚಿಸುತ್ತದೆ. ಚಿತ್ರಗಳು ಮಾತ್ರ ಬೆರಳಗಲ ಕಾಣುತ್ತಿದ್ದವು. ಇಳಿಸಿಕೊಳ್ಳಲು ಬೇರೆ ಕಡತ ಯಾವುದೂ ಕೆಳಗೆ ಅಂಟಿಸಿರಲಿಲ್ಲ. ಬೇರೆಯವರಾಗಿದ್ದರೆ ಹಾಡು ಹೋಯಿತೆಂದು ಕೈ ಚೆಲ್ಲುತ್ತಿದ್ದರು. ಶೈಲಾ ಕೈ ಚೆಲ್ಲುವವಳಲ್ಲ. ಮದುಮಕ್ಕಳ ಫೋಟೊವನ್ನು ಪತ್ರದ ನಡುವೆ ಅಂಟಿಸಿ ಕಳಿಸಿ, ಸಂಜೆಯೊಳಗೆ ಪತ್ರಿಕೆ ಬೇಕು ಎನ್ನುವ ಗಿರಾಕಿಗಳು ಅವಳಿಗೆ ಈ ವಿದ್ಯೆಯನ್ನು ಎಂದೋ ಕಲಿಸಿದ್ದರು. ಕಣ್ಣಿಗೆ ಕಾಣದಿದ್ದರೂ ಕಳಿಸಿದ್ದು ಪತ್ರದ ಹೊಟ್ಟೆಯಲ್ಲಿ ಇದ್ದೇ ಇರುತ್ತದೆ.

ಅವಳು ಇಡೀ ಪತ್ರವನ್ನೇ ಒಂದು ಕಡತವಾಗಿ ಇಳಿಸಿಕೊಂಡು, ಬರೀ ಅಕ್ಷರ ತೋರಿಸುವ ಪುಟದಲ್ಲಿ ಬಿಚ್ಚಿದಳು. ಸೀಮಾಳ ಮಾತು ಮುಗಿದ ಮೇಲೆ ಸಾವಿರಾರು ಸಾಲು, ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಅಂಕಿ. ಅದು ಮೂರು ಗಂಟಾಗಿತ್ತು. ಎರಡು ಚಿತ್ರದ್ದು, ದೊಡ್ಡದು ಹಾಡಿನದು. ಒಂದೊಂದು ಗಂಟಿಗೂ ಮೇಲೊಂದು ಕೆಳಗೊಂದು ಗೆರೆಯ ಗುರುತು. ಗುರುತಿನಿಂದ ಗುರುತಿಗೆ ಕತ್ತರಿಸಿ ತೆಗೆದು, ಗಂಟು ಬಿಚ್ಚುವ ಸಣ್ಣ ಪ್ರೋಗ್ರಾಮಿಗೆ ಹಾಕಬೇಕು. ಶೇಂಗಾ ಬಿಡಿಸಿದ ಹಾಗೆ ಕೆಲಸ, ಸಿಪ್ಪೆ ಹೋಗಬೇಕು, ಕಾಳು ಒಡೆಯಬಾರದು.

ಚಿತ್ರಗಳು ಒಂದೇ ಸಲಕ್ಕೆ ಬಂದವು. ಪರದೆ ತುಂಬ ಕಸ್ತೂರೆವ್ವ ನಕ್ಕಳು. ಬೆಳಗಿನಿಂದ ಒಂದು ಹನಿ ಕಣ್ಣೀರು ಹಾಕದ ಶೈಲಾಗೆ ಕಣ್ಣು ಮಂಜಾಯಿತು. ಮನೆಯಲ್ಲಿ ಇದ್ದದ್ದು ಆಧಾರ್ ಕಾರ್ಡಿನ ಫೋಟೊ ಒಂದೇ, ಅದರಲ್ಲಿ ಅತ್ತೆ ಯಾರದೋ ಎಮ್ಮೆ ಕದ್ದು ಸಿಕ್ಕಿಬಿದ್ದವಳ ಹಾಗಿದ್ದಳು. ದೇವೇಂದ್ರಪ್ಪ ಹತ್ತಿರ ಬಂದು ನೋಡಿ, ಇದನ್ನು ತಾವೇ ದೊಡ್ಡದಾಗಿ ಮುದ್ರಿಸಿ ಚೌಕಟ್ಟು ಹಾಕಿಸಿ ಕೊಡುತ್ತೇವೆಂದು ಒಳಗೆ ಹೋದರು.

ಹಾಡು ಮೊದಲ ಸಲ ಕೆಟ್ಟಿತು. ಗಡಿಬಿಡಿಯಲ್ಲಿ ಮೇಲಿನ ಒಂದು ಸಾಲು ಕಡಿಮೆ ಕತ್ತರಿಸಿದ್ದಳು, ಕಡತ ತೆರೆಯಲೇ ಇಲ್ಲ. ಶೈಲಾ ಒಂದು ಲೋಟ ನೀರು ಕುಡಿದು ಮತ್ತೆ ಮೊದಲಿನಿಂದ ಗುರುತು ನೋಡಿದಳು. ಎರಡನೇ ಸಲ ಸರಿಯಾಯಿತು, ಹಾಡನ್ನು ಫೋನಿಗೆ ಹಾಕಿಕೊಂಡಳು. ಪರದೆಯ ಮೂಲೆಯಲ್ಲಿ ಉದ್ದ ತೋರಿಸಿತು, ಎರಡೂವರೆ ನಿಮಿಷ. ಅಷ್ಟೇ. ಹಚ್ಚಿ ಕೇಳುವ ಆಸೆ ಬೆರಳ ತುದಿಗೆ ಬಂದಿತ್ತು. ತನ್ನ ಸಾಲು ಏನಿದೆ ಎಂದು ಕಿವಿಗೆ ಫೋನು ಒತ್ತಿಕೊಂಡು ಒಬ್ಬಳೇ ಕೇಳಿಬಿಟ್ಟರೆ ಯಾರಿಗೆ ತಿಳಿಯುತ್ತದೆ? ಆದರೆ ಹೆಣವಿಲ್ಲದ ಕಡೆ ಆ ಪದ ಹಾಡಬಾರದು. ಅತ್ತೆ ಹಾಕಿಕೊಟ್ಟ ಗೆರೆ ದಾಟಲು ಮನಸ್ಸು ಒಪ್ಪಲಿಲ್ಲ.

ಎದ್ದು ಹೊರಡುವಾಗ ಸೀಮಾಳ ಪತ್ರದ ಕೊನೆಯ ಸಾಲು ಕಣ್ಣಿಗೆ ಬಿತ್ತು. ಹಾಡು ದೊಡ್ಡದಾಯಿತು, ಪತ್ರದಲ್ಲಿ ಹಿಡಿಸಿದಷ್ಟು ಕಳಿಸಿದ್ದೇನೆ, ಉಳಿದದ್ದನ್ನು ಬಂದಾಗ ಕೊಡುತ್ತೇನೆ ಎಂದು ಬರೆದಿದ್ದಳು. ಸೀಮಾ ಮತ್ತೆ ಬರಲಿಲ್ಲ. ಆಮೇಲೆ ಶೈಲಾ ಬರೆದ ಪತ್ರಗಳೆಲ್ಲ ವಿಳಾಸವಿಲ್ಲವೆಂದು ತಿರುಗಿ ಬಂದಿದ್ದವು. ತನ್ನದು ಹಿಡಿಸಿದ ಭಾಗದಲ್ಲೇ ಇರಲಿ ಎಂದು ಶೈಲಾ ಮನೆದೇವರಿಗೆ ಹರಸಿಕೊಂಡು ಗಾಡಿ ಚಾಲೂ ಮಾಡಿದಳು.

*

ಅವಳು ಹರ್ತಿಗೆ ಬಂದಾಗ ಮೂರೂವರೆ. ಬಾಳೆದಿಂಡು, ಚೆಂಡು ಹೂವು ಕಟ್ಟಿದ ವಿಮಾನ ಅಂಗಳದಲ್ಲಿ ಸಿದ್ಧವಾಗಿತ್ತು. ಭಜನೆಯವರು ಪೇಟಿ, ತಾಳ ಕೆಳಗಿಟ್ಟು ಬೀಡಿ ಸೇದಲು ಎದ್ದಿದ್ದರು. ಶೈಲಾ ಚೌಕಟ್ಟಿನ ಫೋಟೊ ತಂದು ಹೆಣದ ಮುಂದೆ ಇಟ್ಟಳು. ಮುದುಕಿ ಅಷ್ಟು ದೊಡ್ಡದಾಗಿ ನಗುತ್ತಿರುವುದನ್ನು ನೋಡಿ ಅಳುತ್ತಿದ್ದವರ ಮುಖದಲ್ಲೂ ನಗು ಹಾದುಹೋಯಿತು. ಆಮೇಲೆ ಅವಳು ಫೋನು ಎತ್ತಿ, ಅತ್ತಿಯ ಪದ ತಂದಿದ್ದೇನೆ, ಅತ್ತಿಯೇ ಹಾಡಿದ್ದು ಎಂದಳು.

ಕಾಂಚನಾ ಎದ್ದು ಅಡ್ಡ ನಿಂತಳು. ಸತ್ತವಳು ತನ್ನ ಹೆಣಕ್ಕೆ ತಾನೇ ಹಾಡುವುದನ್ನು ಯಾವ ಊರಲ್ಲೂ ಕೇಳಿಲ್ಲ, ಇದು ಕೇಡಿನ ಕೆಲಸ, ಊರವರು ಏನಂದಾರು ಎಂದಳು. ಅಣ್ಣನ ಕಡೆ ನೋಡಿದಳು. ಮಹಾದೇವ ತಲೆ ತಗ್ಗಿಸಿ ನಿಂತಿದ್ದ. ಹೆಂಡತಿಗೂ ತಂಗಿಗೂ ನಡುವೆ ಬಾಯಿ ಹಾಕುವ ಅಭ್ಯಾಸ ಅವನಿಗಿರಲಿಲ್ಲ. ಕೊನೆಗೆ ಮಾತಾಡಿದ್ದು ಮಾಳವ್ವ.

“ಊರ ಹೆಣಕ್ಕೆಲ್ಲಾ ಹಾಡ್ಯಾಳ. ಆಕಿ ಹೆಣಕ್ಕ ಹಾಡಾಕ ನಮ್ಮೊಳಗ ಒಬ್ರೂ ಇಲ್ಲ. ಆಕಿ ಬಾಯಿ ಮುಚ್ಚಾಕ ನಾವ್ಯಾರ? ಹಚ್ಚು.”

ಭಜನೆಯವರು ಮೈಕು ತಂದು ಹಿಡಿದರು. ಶೈಲಾ ಫೋನನ್ನು ಅದಕ್ಕೆ ಆನಿಸಿ ಬೆರಳು ಒತ್ತಿದಳು. ಮೊದಲು ಗಾಳಿಯ ಸದ್ದು, ಎಲ್ಲೋ ಒಂದು ಎತ್ತಿನ ಗೆಜ್ಜೆ. ಆಮೇಲೆ ಆ ದನಿ ಬಂತು. ಅರವತ್ತಮೂರು ವರ್ಷದ, ಕಂಚಿನಂಥ ಗಟ್ಟಿ ದನಿ.

ಯವ್ವಾ, ಕಸ್ತೂರಿ ಹೊಂಟಾಳ ಬಾಗಲ ಬಿಟ್ಟು ನಿಲ್ಲರಿ
ಊರ ಹೆಣಕೆಲ್ಲ ಹಾಡ್ಯಾಕಿ, ನನ್ನವ್ವಾ
ತನ್ನ ಹೆಣಕ ತಾನ ಹಾಡ್ಯಾಳ

ಗೋಡೆಗೆ ಆನಿಸಿದ್ದ ಕಸ್ತೂರೆವ್ವ ಕಣ್ಣು ಮುಚ್ಚಿ ತನ್ನ ಪದ ತಾನೇ ಕೇಳುತ್ತಿದ್ದಳು. ಊರಬಾಗಿಲ ಅಗಸಿಯ ಕಟ್ಟೆಯ ಮೇಲೆ ಕೂತಿದ್ದ ಗಂಡಸರು ಒಬ್ಬೊಬ್ಬರಾಗಿ ಎದ್ದು ಬಂದು ಅಂಗಳದಲ್ಲಿ ನಿಂತರು.

ಮಗ ನನ್ನ ಮಾದೇವ ಭಾಳ ಶಾಣ್ಯಾ ಅನ್ನರಿ
ಕಳಕೊಂಡ ಚಪ್ಪಲಿ ಹುಡುಕ್ಯಾನ, ನನ್ನವ್ವಾ
ಕಾಲಾಗ ತಾನ ಮೆಟಗೊಂಡ

ಯಾರೋ ಕಿಸಕ್ಕನೆ ನಕ್ಕರು. ಮಹಾದೇವನೂ ನಕ್ಕ. ನಗುತ್ತಲೇ ವಿಮಾನದ ಬಿದಿರು ಹಿಡಿದುಕೊಂಡು, ಬೆಳಗಿನಿಂದ ತಡೆದಿದ್ದನ್ನೆಲ್ಲ ಹುಡುಗನ ಹಾಗೆ ಅತ್ತುಬಿಟ್ಟ.

ಲಕ್ಷ್ಮೇಶ್ವರಕ ಕೊಟ್ಟ ಒಬ್ಬಾಕಿ ಮಗಳವ್ವ
ಬರಣಿ ಉಪ್ಪಿನಕಾಯಿ ಒಯ್ದಾಳ, ನನ್ನವ್ವಾ
ಬರಣೀನ ತಿರಗಿ ತರಲಿಲ್ಲ

ಈ ಸಲ ಇಡೀ ಮನೆ ನಕ್ಕಿತು. ಕಾಂಚನಾ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. ಬರಣಿ ತರುತ್ತೇನೆ ಎವ್ವಾ, ಏಳೂ ಬರಣಿ ತರುತ್ತೇನೆ ಎಂದು ತಾಯಿಯ ಪಾದಕ್ಕೆ ಹಣೆ ಹಚ್ಚಿದಳು. ಕೇಡು ಎಂದವಳಿಗೆ ಈಗ ಬೇಕಾಗಿದ್ದು ಆ ದನಿ ನಿಲ್ಲದಿರುವುದೊಂದೇ.

ಎದುರ ಮನಿ ಮಾಳವ್ವ ಎಂಥಾ ಗೆಳತಿ ಕೇಳರಿ
ನಲವತ್ತ ವರುಷ ಜಗಳಾಡಿ, ನನ್ನವ್ವಾ
ಒಂದ ಹಗ್ಗಕ ನೀರ ಸೇದೇವ

ಮಾಳವ್ವನಿಗೆ ತಡೆಯಲಾಗಲಿಲ್ಲ. ಕೊನೆಯ ಸಾಲನ್ನು ಅಭ್ಯಾಸ ಬಲದಿಂದ ಹಿಂದೆಯೇ ಹಿಡಿದಳು, ಅವಳ ಒಡಕು ದನಿ ಗೆಳತಿಯ ದನಿಗೆ ಕೂಡಿತು. ಶೈಲಾ ಯಾರನ್ನೂ ನೋಡುತ್ತಿರಲಿಲ್ಲ. ಮಗ ಆದ, ಮಗಳು ಆದಳು, ಗೆಳತಿ ಆದಳು. ಇನ್ನು ಉಳಿದವಳು ಒಬ್ಬಳೇ.

ಗದಗಕ್ಕ ದುಡಿಯಾಕ ಹೋಗಾಕಿ ನನ್ನ ಸೊಸಿ
ಶೈಲಾನ ಮಾತ ಏನ ಹೇಳಲಿ, ನನ್ನವ್ವಾ

ಅಷ್ಟಕ್ಕೆ ದನಿ ನಿಂತಿತು. ಮೈಕಿನಲ್ಲಿ ಬರೀ ಗುಂಯ್ ಎನ್ನುವ ಸದ್ದು ಉಳಿಯಿತು.

ಎಲ್ಲರೂ ಶೈಲಾಳ ಕಡೆ ನೋಡಿದರು. ಕತ್ತರಿಸುವಾಗ ಕೊನೆಯ ಸಾಲು ತಾನೇ ಬಿಟ್ಟೆನೇ ಎಂದು ಅವಳು ಮನಸ್ಸಿನಲ್ಲೇ ಮತ್ತೆ ಲೆಕ್ಕ ಹಾಕಿದಳು. ಇಲ್ಲ, ಗುರುತಿನಿಂದ ಗುರುತಿಗೆ ಸರಿಯಾಗಿ ತೆಗೆದಿದ್ದಳು, ಅದರಲ್ಲಿ ಅವಳಿಗೆ ಅನುಮಾನವಿರಲಿಲ್ಲ. ಹಿಡಿಸಿದ್ದೇ ಇಷ್ಟು. ಉಳಿದದ್ದು ಯಾವ ಊರಲ್ಲಿದೆಯೋ, ಯಾರ ಪೆಟ್ಟಿಗೆಯಲ್ಲಿದೆಯೋ, ಇದೆಯೋ ಇಲ್ಲವೋ. ಹದಿನೈದು ವರ್ಷ ಕಾದದ್ದು ಅವಳಿಗೆ ಸಿಗಲಿಲ್ಲ, ಇನ್ನು ಸಿಗುವುದೂ ಇಲ್ಲ. ಅದು ಅವಳಿಗೆ ಅತ್ತೆ ಸತ್ತದ್ದಕ್ಕಿಂತಲೂ ದೊಡ್ಡ ಸಾವಿನಂತೆ ಬಡಿಯಿತು.

“ಮುಂದ?” ಕಾಂಚನಾ ಮೆಲ್ಲಗೆ ಕೇಳಿದಳು.

“ಇಷ್ಟ ಐತಿ.”

ಎತ್ತುವವರು ಒಳಗೆ ಬಂದು ಹೆಣವನ್ನು ವಿಮಾನಕ್ಕೆ ಇಳಿಸಿದರು. ನಾಲ್ಕು ಮೂಲೆಗೆ ನಾಲ್ವರು ನಿಂತರು, ಮಹಾದೇವ ಮುಂದಿನ ಬಲಗಡೆಗೆ. ಮಾಳವ್ವ ಕೋಲೂರಿಕೊಂಡು ಬಂದು ವಿಮಾನದ ಮುಂದೆ ನಿಂತಳು.

“ಎರಡು ಸಾಲಿಗೆ ಪದ ಬಿಟ್ಟು ಹೆಣ ಎತ್ತಬಾರದು. ಮೂರನೇದು ಬೀಳಬೇಕು.”

ನೀನೇ ಹೇಳು ಎಂದರು ಯಾರೋ. ಮಾಳವ್ವ ತಲೆಯಾಡಿಸಿದಳು. ನನ್ನ ಪದ ಮುಗಿಯಿತು, ಇದು ಇವಳದು ಎಂದು ಶೈಲಾಳ ಭುಜದ ಮೇಲೆ ಕೈ ಇಟ್ಟಳು.

ಶೈಲಾ ಎಂದೂ ಹಾಡಿದವಳಲ್ಲ. ಜೋಗುಳ ಹೇಳಿದರೆ ಮಲಗಿದ ಯಾರ ಮಗುವಾದರೂ ಎಚ್ಚರಾಗುತ್ತದೆ ಎಂದು ಗಂಡನೇ ಚೇಷ್ಟೆ ಮಾಡುತ್ತಿದ್ದ. ಅವಳು ಫೋನನ್ನು ಕಾಂಚನಾಳ ಕೈಗೆ ಕೊಟ್ಟು, ಸೆರಗು ತಲೆಗೆ ಎಳೆದುಕೊಂಡು, ವಿಮಾನದ ಬಿದಿರು ಹಿಡಿದು ಅತ್ತೆಯ ಮುಖವನ್ನೇ ನೋಡಿದಳು. ಹೊಗಳಿಕೊಳ್ಳುವುದೇ? ಬೈದುಕೊಳ್ಳುವುದೇ? ಎರಡೂ ಸುಳ್ಳಾದಾವು. ಸುಳ್ಳು ಹಾಡುವ ಜಾಗ ಇದಲ್ಲ. ಖರೆ ಅನ್ನುವುದು ಅವಳ ಹತ್ತಿರ ಒಂದೇ ಇತ್ತು. ಬಾಯಿ ತೆರೆದಾಗ ದನಿ ಮೊದಲು ಒಡೆಯಿತು, ಆಮೇಲೆ ತಾನಾಗಿ ನೆಟ್ಟಗಾಯಿತು.

ನಿನ್ನ ದನಿ ತಂದೇನಿ, ನೀ ಬರಲಿಲ್ಲ

ಮಾಳವ್ವ ಆ ಸಾಲನ್ನು ಹಿಡಿದಳು. ಅವಳ ಹಿಂದೆ ಇಡೀ ಪಡಸಾಲೆಯ ಹೆಂಗಸರು ಹಿಡಿದರು. ಕಾಂಚನಾ ಬಂದು ವೈನಿಯ ಕೊರಳಿಗೆ ಬಿದ್ದು ಹಣೆಗೆ ಹಣೆ ಹಚ್ಚಿದಳು. ಭಜನೆಯವರು ತಾಳ ಕೈಗೆತ್ತಿಕೊಂಡರು. ನಾಲ್ವರೂ ಬಗ್ಗಿ ಬಿದಿರಿಗೆ ಕೈ ಹಾಕಿದರು.

ಅಷ್ಟರಲ್ಲಿ ಶೈಲಾ ಉಸಿರೆಳೆದುಕೊಂಡು ಮತ್ತೊಂದು ಪದ ಎತ್ತಿದಳು. ಮಹಾದೇವ ಒಂದು ಕೈ ಬಿಟ್ಟು, ತಡೀರಿ ಎಂದು ಸನ್ನೆ ಮಾಡಿದ. ನಾಲ್ವರೂ ಬಗ್ಗಿದವರು ಬಗ್ಗಿದಂತೆಯೇ, ಅವಳ ಮೂರನೇ ಸಾಲು ಬೀಳುವುದನ್ನು ಕಾಯುತ್ತ ನಿಂತರು.